ಹೊಲಿಗೆ ಮಷಿನ್ ಎಣ್ಣೆ

ಚುನಾವಣೆ ಘೋಷಣೆಯಾದ ಮೂರನೇ ದಿನ
ಠಾಣೆಯಿಂದ ಫೋನು:
"ಮುರಿಗೆಪ್ಪೋರ ಮನೇನಾ? ಶುಕ್ರವಾರದೊಳಗೆ
ಪಿಸ್ತೂಲು ತಂದು ಒಪ್ಪಿಸ್ಬೇಕು ನೋಡ್ರಿ."
ಒಪ್ಪಿಸೋಣ. ಆದರೆ ಹಾಗೇ ಹೇಗೆ ಕೊಡುವುದು,
ಹಾಸ್ಟೆಲಿಗೆ ಬಿಡುವ ಹುಡುಗನಿಗೂ
ತಲೆ ಬಾಚಿಯೇ ಬಿಡುತ್ತೇವಲ್ಲ.

ಇವರ ಕೈ ಎರಡು ವರ್ಷದಿಂದ ನಡುಗುತ್ತದೆ.
ಲೈಸೆನ್ಸು ಅವರ ಹೆಸರಲ್ಲಿ,
ಎಣ್ಣೆಯ ಕೆಲಸ ನನ್ನ ಹೆಸರಲ್ಲಿ.

ಊಟದ ಮೇಜಿನ ಮೇಲೆ ಬೇಡ, ಅದು ಅನ್ನದ ಜಾಗ.
ನಡುಮನೆಯ ನೆಲಕ್ಕೆ ನಿನ್ನೆಯ ಪೇಪರು ಹಾಸಿ
ಮೊಮ್ಮಗಳನ್ನು ಪಕ್ಕದ ಮನೆಗೆ ಕಳಿಸಿ
ಬಾಗಿಲಿಗೆ ಚಿಲಕ.
ಮೂತಿ ಗೋಡೆಯ ಕಡೆಗೆ, ಆಚೆ ಯಾರೂ ಇರದ ಗೋಡೆಗೆ.

"ಮೊದ್ಲು ಏನು?" ಮಾಸ್ತರರ ದನಿ ಅವರದು.
ಮೊದಲು ಮ್ಯಾಗಜಿನ್ ಕಳಚಿ ಆಚೆಗೆ.
ಸ್ಲೈಡು ಹಿಂದಕ್ಕೆಳೆದು ಒಳಗೆ ನೋಡುವುದು. ಏನಿಲ್ಲ.
ಕಿರುಬೆರಳಿಟ್ಟು ಮುಟ್ಟುವುದು. ಏನಿಲ್ಲ.
"ಇನ್ನೊಂದ್ ಸಲ."
ಏನಿಲ್ಲ ಅಂದ್ರೆ ಏನಿಲ್ಲ ಕಣ್ರಿ!
ಆದರೂ ನೋಡುತ್ತೇನೆ.
ಮೆಕ್ಕೆಜೋಳದ ಮಂಡಿಯಲ್ಲಿ ನಲವತ್ತು ವರ್ಷ
ಖಾಲಿ ಚೀಲವನ್ನೂ ಕೊಡವಿಯೇ ಮಡಚಿದ ಮನುಷ್ಯ.

ಗುಂಡುಗಳನ್ನು ಎಣಿಸಿ ಡಬ್ಬಿಗೆ, ಡಬ್ಬಿಯನ್ನು ಒಳಕೋಣೆಗೆ.
ಪುಸ್ತಕದಲ್ಲಿ ಇಪ್ಪತ್ತೈದು,
ಡಬ್ಬಿಯಲ್ಲಿ ಇಪ್ಪತ್ತನಾಲ್ಕು.

ಅವರ ಹಳೇ ಬನಿಯನ್ನು, ಸವೆದ ಹಲ್ಲುಜ್ಜೋ ಬ್ರಷ್ಷು,
ನನ್ನ ಹೊಲಿಗೆ ಮಷಿನ್ನಿನ ಎಣ್ಣೆ.
ಅಂಗಡಿಯಲ್ಲಿ ಬೇರೆಯದೇ ಸಿಗುತ್ತದಂತೆ, ದುಬಾರಿ.
ಇದೂ ಸಣ್ಣ ಕಬ್ಬಿಣ, ಅದೂ ಸಣ್ಣ ಕಬ್ಬಿಣ.
"ಒಂದೇ ಹನಿ," ಎಂದರು, "ಒಗ್ಗರಣೆ ಅಲ್ಲ ಇದು.
ಎಣ್ಣೆ ಹೆಚ್ಚಾದ್ರೆ ಧೂಳು ಬಂದು ಕೂರುತ್ತೆ."

ಬ್ರಷ್ಷಿನ ತುದಿಗೆ ಕೆಂಪು ಬಂತು.
ಹೆದರಿಬಿಟ್ಟೆ.
ಕುಂಕುಮ. ಹೋದ ಆಯುಧಪೂಜೆಯದು,
ನಾನೇ ಹಚ್ಚಿದ್ದು,
ಸ್ಪ್ರಿಂಗಿನ ಸಂದಿಯಲ್ಲಿ ಆರು ತಿಂಗಳು ಅಡಗಿತ್ತು.

ನಳಿಗೆಯನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ.
ಒಳಗೆ ಸುರುಳಿ ಸುರುಳಿ ಗೀರು,
ಕೊನೆಯಲ್ಲಿ ನಾಲ್ಕಾಣೆಯಷ್ಟು ದಾವಣಗೆರೆ.
ಅದರಲ್ಲಿ ಮಂಡಕ್ಕಿ ಭಟ್ಟಿಯ ಹೊಗೆ,
ಹೊಗೆಯೊಳಗೆ ಒಂದು ಗಿಳಿ ದಾಟಿ ಹೋಯಿತು.
ಈ ನಳಿಗೆಯಲ್ಲಿ ಇಷ್ಟು ದಿನದಲ್ಲಿ
ಹಾದುಹೋದದ್ದು ಎರಡೇ:
ಈ ಗಿಳಿ, ಮತ್ತು ಆ ಇಪ್ಪತ್ತೈದನೆಯದು.

ಅದನ್ನು ಇವರು ಕಳ್ಳನಿಗೆ ಹಾರಿಸಿದ್ದೆಂದು
ಮಂಡಿಯೆಲ್ಲ ನಂಬಿದೆ.
"ಕತ್ತಲಲ್ಲಿ ಓಡಿಬಿಟ್ಟ," ಎಂದು ಹೇಳುವಾಗ
ಮೀಸೆಯ ಒಂದು ಪಕ್ಕ ಎದ್ದಿರುತ್ತಿತ್ತು.
ಮರುದಿನ ಗೋದಾಮು ಗುಡಿಸಿದವಳು ನಾನು.
ಹೆಗ್ಗಣದ ಹಿಕ್ಕೆ. ತೂತಾದ ಒಂದು ಚೀಲ.
ಸಣ್ಣಗೆ ಸುರಿಯುತ್ತಿದ್ದ ಹಳದಿ ಕಾಳು,
ಅಂಗೈ ಒಡ್ಡಿದರೆ ಬೆಚ್ಚಗಿತ್ತೋ ಏನೋ, ನೆನಪಿಲ್ಲ.
ದಬ್ಬಣ ತಂದು ಚೀಲ ಹೊಲಿದೆ.
ಯಾರಿಗೂ ಹೇಳಲಿಲ್ಲ, ಇವರಿಗೂ.

"ಏನು ನಗ್ತೀಯ?"
ಏನಿಲ್ಲ.
"ಒಳಗೆ ಏನಾದ್ರೂ ಕಂಡ್ತಾ?"
ಏನಿಲ್ಲ ಅಂದ್ನಲ್ಲ.

ಒರೆಸುವಾಗ ಗೊತ್ತಾಗದೆ
ಅದು ನನ್ನ ಎಡ ಅಂಗೈಯಲ್ಲಿ ಬಂದು ಕೂತಿತ್ತು.
ದಿನವೂ ಲಿಂಗ ಕೂರುವ ಜಾಗ.
ಇವರೂ ನೋಡಿದರು, ಮಾತಾಡಲಿಲ್ಲ.
ನಿಧಾನ ಬಲಗೈಗೆ ದಾಟಿಸಿದೆ,
ತೂಕವೂ ಹೆಚ್ಚುಕಮ್ಮಿ ಕೈಯಿಂದ ಕೈಗೆ ಬದಲಾಯಿತು.

ಜೋಡಿಸಿದ ಮೇಲೆ ಇನ್ನೊಮ್ಮೆ ಎಳೆದು ಬಿಟ್ಟೆ:
ಟಕ್.
ಕಳೆದ ಸಲಕ್ಕಿಂತ ಮೆತ್ತಗಿನ ಸದ್ದು.

ಠಾಣೆಯಲ್ಲಿ ಹುಡುಗಿ ಕಾನ್‌ಸ್ಟೇಬಲ್,
ಎದೆಯ ಪಟ್ಟಿಯಲ್ಲಿ ಹೆಸರು ಚಂಪಕಾ.
ನಂಬರು ಬರೆದುಕೊಂಡಳು, ಚೀಟಿ ಕಟ್ಟಿದಳು, ರಸೀದಿ ಕೊಟ್ಟಳು.
"ಒದ್ದೆ ಗೋಡೆ ಪಕ್ಕ ಇಡಬ್ಯಾಡವ್ವ, ತುಕ್ಕು ಹಿಡೀತೈತಿ."
"ಎಷ್ಟು ಚೆಂದ ಇಟ್ಕೊಂಡೀರಿ ಅಜ್ಜಿ!
ಭಾಳ ಹೊಡೆದಾರೇನು ಅಜ್ಜಾರು?"
ಇವರು ಗೋಡೆಯ ಗಡಿಯಾರ ನೋಡಿದರು.
ಬೆರಳು ನಡುಗುತ್ತಿತ್ತು, ರೋಗದ್ದೋ, ಬೇರೆಯದೋ.
ನಾನೇ ಹೇಳಿದೆ:
"ಒಂದು ಸಲ. ಕಳ್ಳ ಬಂದಿದ್ದ."

ಆಟೋದಲ್ಲಿ ಅಶೋಕ ಟಾಕೀಸು ಗೇಟಿಗೆ ಬರುವವರೆಗೂ
ಇಬ್ಬರೂ ಸುಮ್ಮನೆ.
ರೈಲು ಬರುವುದಿತ್ತು, ಗೇಟು ಬಿತ್ತು.
ಆಗ ಇವರು ನನ್ನ ಕಡೆ ತಿರುಗದೆ,
"ಆ ಚೀಲ," ಎಂದರು,
"ಹೊಲಿಗೆ ಭಾಳ ಸಣ್ಣಗಿತ್ತು."